ಹುಡುಗಿ ಒಲ್ಲೆ ಅಂದಾಳ

ನಾನು ಬಸ್ ಕಂಡಕ್ಟರ್ ಆದಾಗಿನಿಂದ "ನಿಂತಾವ್ರಿಗೆ ಅರ್ಧ ಟಿಕೀಟ್ ಕೊಡ್ರಿ" ಎಂಬ ಮಾತನ್ನು ಕೇಳದ ದಿನವೇ ಇಲ್ಲ. ಬಸ್ಸು ತುಂಬಿರುತ್ತದೆ, ನಾನು ಜನರ ನಡುವೆ ತೂರಿಕೊಂಡು ಟಿಕೆಟ್ ಕೊಡುತ್ತಿರುತ್ತೇನೆ, ಹಿಂದಿನಿಂದ ಯಾರೋ ಆ ಮಾತು ಎಸೆಯುತ್ತಾರೆ, ಇಡೀ ಬಸ್ಸು ನಗುತ್ತದೆ. ಎಸೆದವನು ಅದನ್ನು ತಾನೇ ಈಗ ಹುಟ್ಟಿಸಿದವನಂತೆ ನನ್ನ ಮುಖ ನೋಡುತ್ತಾನೆ. ನಾನು ಚಿಲ್ಲರೆ ಕೊಟ್ಟು ಮುಂದೆ ಹೋಗುತ್ತೇನೆ. ರಜೆಯ ದಿನವಾದರೂ ತಪ್ಪುತ್ತದೆಯೇ ಎಂದರೆ ಅದೂ ಇಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಓಣಿಯ ಕಟಿಂಗ್ ಅಂಗಡಿಯಲ್ಲಿ ಕುರ್ಚಿ ಸಿಗದೆ ನಿಂತಿದ್ದರೆ ಅಂಗಡಿಯವನೇ ಕೇಳುತ್ತಾನೆ, "ನಿಂತಾವ್ರಿಗೆ ಅರ್ಧ ರೇಟ್ ಮಾಡೂಣೇನ್ರಿ ಜಹೀರಣ್ಣ?"

ಆ ಮಾತು ಎಲ್ಲಿಯದು ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಓಣಿಗೊಂದು ಟಿವಿ ಇದ್ದ ಕಾಲದಲ್ಲಿ ಭಾನುವಾರ ಎಂಟೂವರೆಗೆ 'ಎಂಟೂವರಿ ಪುರಾಣ' ಎಂಬ ಕಾರ್ಯಕ್ರಮ ಬರುತ್ತಿತ್ತು. ಐದಾರು ಮಂದಿ ನಾಟಕದವರು, ಎಲ್ಲರೂ ನಮ್ಮ ಕೊಪ್ಪಳ-ಗಂಗಾವತಿ ಸೀಮೆಯವರೇ, ಸಣ್ಣ ಸಣ್ಣ ನಗೆ ತುಣುಕು ಮಾಡುತ್ತಿದ್ದರು. ಬಸ್ಸಿನದೊಂದು, ರೇಷನ್ ಅಂಗಡಿಯದೊಂದು, ಶಾಲೆಗೆ ಸಾಹೇಬರು ಬಂದದ್ದೊಂದು. ಬಂದದ್ದು ಒಂದೆರಡು ವರ್ಷ ಇರಬೇಕು. ಆಮೇಲೆ ಟಿವಿಯಿಂದ ಹೋಯಿತು, ಜನರ ಬಾಯಿಂದ ಹೋಗಲಿಲ್ಲ. ಈಗ ಅದು ಫೋನಿಗೆ ಬಂದು ಕೂತಿದೆ. ಆಗ ಹುಟ್ಟಿಯೇ ಇರದವರು ಇಡೀ ತುಣುಕನ್ನು ಬಾಯಿಪಾಠ ಒಪ್ಪಿಸುತ್ತಾರೆ. ಕುಷ್ಟಗಿ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಕಾಲುಜಾರಿ ಬಿದ್ದ. ಎತ್ತಲು ಹೋದರೆ, ಮೊಣಕಾಲಲ್ಲಿ ರಕ್ತ ಸೋರುತ್ತಿದ್ದರೂ, "ಎಬ್ಬಸಬ್ಯಾಡ್ರಿ, ನನ್ನ ಸ್ಟಾಪ್ ಇದ" ಎಂದ. ಅದೂ ಟಿವಿಯದೇ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕನನ್ನು ಎತ್ತಿದ್ದು ನಾನು.

ಹೆಂಗಸರಿಗೆ ಬಸ್ಸು ಉಚಿತವಾದಾಗ ಈ ಕಾಟ ಅರ್ಧಕ್ಕಾದರೂ ಇಳಿಯುತ್ತದೆ ಎಂದುಕೊಂಡೆ. ಮೊದಲ ವಾರವೇ ಸಂತೆಗೆ ಹೊರಟಿದ್ದ ದುರಗಮ್ಮ ಎಂಬ ಅಜ್ಜಿ ಕಂಬಿ ಹಿಡಿದು ನಿಂತು ಹೇಳಿದಳು, "ಕುಂತ್ರೂ ಸೊನ್ನಿ ಟಿಕೀಟು, ನಿಂತ್ರೂ ಸೊನ್ನಿ ಟಿಕೀಟು. ಹಂಗಾರ ನಿಂತಾವ್ರಿಗೆ ನೀವ ಏನರ ಕೊಡಬೇಕಾಕ್ಕೈತಿ ನೋಡ್ರಿ." ಡ್ರೈವರ್ ಮಾರೆಪ್ಪ ನಗುವಿನಲ್ಲಿ ಗೇರ್ ತಪ್ಪಿಸಿದ. ಅವನು ನನಗೆ ಎಷ್ಟೋ ಸಲ ಬುದ್ಧಿ ಹೇಳಿದ್ದಾನೆ. "ಒಮ್ಮೆ ನಕ್ಕು ಬಿಡು ಜಹೀರಣ್ಣ, ಏನ ಗಂಟು ಹೋಕ್ಕೈತಿ?" ನನಗೆ ನಗು ಬರುವುದಿಲ್ಲ. ಮೊದಲ ಸಲ ನೋಡಿದಾಗ ನಕ್ಕಿದ್ದೇನೆ. ನಕ್ಕದ್ದಕ್ಕೆ ಜೀವನಪೂರ್ತಿ ನಗುತ್ತಲೇ ಇರಬೇಕು ಎಂದರೆ ಹೇಗೆ?

ಆದರೆ ನಿಜವಾದ ಕಾಟ ಬಸ್ಸಿನ ತುಣುಕಿನದಲ್ಲ, ನಿಕಾಹದ ತುಣುಕಿನದು.

ನಮ್ಮಲ್ಲಿ ನಿಕಾಹದ ದಿನ ಹುಡುಗ ಹೊರಗೆ ಶಾಮಿಯಾನದಲ್ಲಿ ಖಾಜಿಯ ಎದುರು ಕೂತಿರುತ್ತಾನೆ, ಹುಡುಗಿ ಒಳಗೆ ಹೆಂಗಸರ ನಡುವೆ. ಒಳಗೆ ಹೋಗಿ ಹುಡುಗಿಯ ಒಪ್ಪಿಗೆ ಕೇಳಿ, ಹೊರಗೆ ಬಂದು ಖಾಜಿಗೆ ಹೇಳಲು ಅವಳ ಕಡೆಯ ಒಬ್ಬ ಹಿರಿಯ ಇರುತ್ತಾನೆ. ಅವನನ್ನು ವಕೀಲ ಎನ್ನುತ್ತೇವೆ, ಕೋರ್ಟಿನ ವಕೀಲನಲ್ಲ. ಅವನ ಜೊತೆ ಇಬ್ಬರು ಸಾಕ್ಷಿ. ಟಿವಿಯ ತುಣುಕಿನಲ್ಲಿ ವಕೀಲ ಹೋಗಿ ಕೇಳುತ್ತಾನೆ, ಹುಡುಗಿ "ನಾ ಒಲ್ಲೆ" ಎನ್ನುತ್ತಾಳೆ. ವಕೀಲ ಗಾಬರಿಯಾಗಿ ಓಡಿ ಬಂದು "ಹುಡುಗಿ ಒಲ್ಲೆ ಅಂದಾಳ" ಎನ್ನುತ್ತಾನೆ. ಮತ್ತೊಮ್ಮೆ ಕೇಳು ಎಂದು ಓಡಿಸುತ್ತಾರೆ. ಮತ್ತೆ "ನಾ ಒಲ್ಲೆ." ಕೊನೆಗೆ ಗೊತ್ತಾಗುವುದು ಏನೆಂದರೆ, ಬೆಳಗಿನಿಂದ ಸಾವಿರ ಮಂದಿಗೆ ಅಡುಗೆ ನಡೆದಿದೆ, ಮದುಮಗಳಿಗೆ ಒಂದು ತುತ್ತು ಕೊಟ್ಟವರಿಲ್ಲ. ವಕೀಲ ಬಿರಿಯಾನಿಯ ತಾಟು ಒಯ್ಯುತ್ತಾನೆ, ಹುಡುಗಿ ತುಂಬಿದ ಬಾಯಲ್ಲಿ "ಹೂಂ" ಎನ್ನುತ್ತಾಳೆ, ವಕೀಲ ಖಾಲಿ ತಾಟನ್ನು ಖಾಜಿಗೆ ತೋರಿಸುತ್ತಾನೆ. ಒಳ್ಳೆಯ ತುಣುಕೇ, ಇಲ್ಲ ಎನ್ನುವುದಿಲ್ಲ. ಅದನ್ನು ಬರೆದವರೂ ನಮ್ಮವರೇ, ಕುಷ್ಟಗಿ ಕಡೆಯವರು.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಯಾವಳೋ ಗಟ್ಟಿ ಹುಡುಗಿ ತನ್ನ ನಿಕಾಹದಲ್ಲಿ ತಮಾಷೆಗೆ "ನಾ ಒಲ್ಲೆ" ಎಂದಳು. ಮರುವರ್ಷ ಇನ್ನೊಬ್ಬಳು. ಈಗ ಅದು ಪದ್ಧತಿಯೇ ಆಗಿಬಿಟ್ಟಿದೆ. ಹುಡುಗಿ ಎರಡು ಸಲ ಒಲ್ಲೆ ಎನ್ನಬೇಕು, ಗೆಳತಿಯರು ತಾಟು ಸಿದ್ಧ ಇಟ್ಟಿರಬೇಕು, ಒಂದು ತುತ್ತು ತಿಂದು ಹೂಂ ಎನ್ನಬೇಕು, ತಾಟು ಖಾಲಿ ಮಾಡಿ ಹೊರಗೆ ತರಬೇಕು. ಹಾಗೆ ಮಾಡದ ಹುಡುಗಿಯನ್ನು ಸೊಕ್ಕಿನವಳು ಎನ್ನುತ್ತಾರೆ. ಮಾರೆಪ್ಪನ ಮಗಳ ಮದುವೆಯಲ್ಲಿ ಅಕ್ಷತೆ ಬೀಳುವ ಮುಂಚೆ ಅವಳೂ "ನಾ ಒಲ್ಲೆ" ಎಂದಳು. ಅಯ್ಯನವರೇ ಒಂದು ಹೋಳಿಗೆ ತರಿಸಿದರು.

ನಮ್ಮ ಮನೆತನದಲ್ಲಿ ಈ ಆಟದ ಉಸ್ತಾದ ನನ್ನ ಅಣ್ಣ ರಫೀ. ಎಲ್ಲಾ ಹೆಣ್ಣುಮಕ್ಕಳ ನಿಕಾಹಕ್ಕೂ ಅವನೇ ವಕೀಲ. ಓಡುವುದು, ಎಡವುವುದು, ಟೋಪಿ ಓರೆ ಮಾಡಿಕೊಳ್ಳುವುದು, ಎಲ್ಲ ಥೇಟ್ ಟಿವಿ. ಹಾಗಾಗಿ ನನ್ನ ಅಕ್ಕ ಮೆಹರಾಜಳ ಮಗಳು ನಾಹೀದಾ ತನ್ನ ನಿಕಾಹದ ಹಿಂದಿನ ವಾರ ನನಗೆ ಫೋನು ಮಾಡಿದಾಗ ನಾನು ತಬ್ಬಿಬ್ಬಾದೆ.

"ಮಾಮು, ನನಗ ವಕೀಲ ನೀವ ಆಗಬೇಕು."

"ನಾನ್ಯಾಕ? ರಫೀ ಭಾಯಿ ಅದಾನಲ್ಲ."

"ಬಡೇ ಮಾಮು ಬ್ಯಾಡ. ನೀವ ಬೇಕು."

"ನನಗ ಆ ತಾಟಿನ ಆಟ ಬರೂದಿಲ್ಲ. ಮೊದಲ ಹೇಳಿರತೀನಿ."

"ಬರೂದಿಲ್ಲಂತ ಗೊತ್ತೈತಿ ಮಾಮು" ಎಂದು ಫೋನಿಟ್ಟಳು.

ನಾಹೀದಾ ನರ್ಸು. ಮಂಗಳೂರಿನಿಂದ, ಕಡಲ ದಂಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನಿಂದ, ದಿನಾ ನನ್ನ ಬಸ್ಸಿಗೇ ಕುಷ್ಟಗಿಗೆ ಡ್ಯೂಟಿಗೆ ಬರುತ್ತಿದ್ದವಳು. ಗಂಗಾವತಿಯ ಅಲ್ತಾಫನಿಗೆ ಅವಳನ್ನು ಗೊತ್ತು ಮಾಡಿದಾಗ ಅವಳು ಕೇಳಿದ್ದು ಒಂದೇ: ಕೆಲಸ ಬಿಡುವುದಿಲ್ಲ. ಅವರು ಆಗಲಿ ಎಂದರು. ಗಂಗಾವತಿಯ ಒಂದು ದವಾಖಾನೆಯಲ್ಲಿ ಅವಳು ತಾನೇ ಹೋಗಿ ಮಾತಾಡಿ ಕೆಲಸವನ್ನೂ ಗಟ್ಟಿ ಮಾಡಿಕೊಂಡು ಬಂದಳು. ಎಲ್ಲ ಸರಿಯಾಗಿಯೇ ಇತ್ತು. ನನ್ನನ್ನು ವಕೀಲ ಮಾಡಿದ್ದೊಂದೇ ಮನೆಯವರಿಗೆ ಸರಿ ಬರಲಿಲ್ಲ.

"ಮದುವಿ ಸಪ್ಪಗ ಆಕ್ಕೈತಿ" ಎಂದು ಮೆಹರಾಜ ಮುಖ ಊದಿಸಿಕೊಂಡಳು. ನಮ್ಮ ತಾಯಿ ಬಾಷಾಬಿ, ನಾಹೀದಾಳ ನಾನಿ, "ಇವನ ಮಾರಿ ನೋಡಿದ್ರ ಹುಡುಗಿ ಖರೇನ ಒಲ್ಲೆ ಅಂತಾಳ" ಎಂದಳು. ರಫೀ ಸಾಕ್ಷಿಯಾಗಲು ಒಪ್ಪಿದ, ಒಪ್ಪಿ ಎರಡು ದಿನ ನನಗೆ ತಾಲೀಮು ಕೊಟ್ಟ. "ಒಲ್ಲೆ ಅಂದ ಕೂಡ್ಲೆ ಓಡಬೇಕು. ಬಸ್ಸಿನ್ಯಾಗ ಬಂದಂಗ ಜೋಲಿ ಹೊಡಕೋತ ಬರಬ್ಯಾಡ." ನಾನು ಓಡುವುದಿಲ್ಲ ಎಂದೆ. ಬೇಕಾದರೆ ನೀನೇ ವಕೀಲನಾಗು ಎಂದೂ ಹೇಳಿದೆ. ನಾಹೀದಾ ಒಳಗಿನಿಂದಲೇ ಬೇಡ ಎಂದಳು.

ನಿಕಾಹದ ದಿನ ಬಿಸಿಲು ಚೆನ್ನಾಗಿ ಏರಿತ್ತು. ಗಂಗಾವತಿಯ ಮಂದಿ ಎರಡು ಬಸ್ಸು ಮಾಡಿಕೊಂಡು ಬಂದಿದ್ದರು. ಶಾಮಿಯಾನದ ಹಿಂದೆ ಬಿರಿಯಾನಿ ದಮ್ಮಿಗೆ ಕೂತಿತ್ತು. ನಾಹೀದಾಳ ತಂದೆ ಮೆಹಬೂಬಸಾಬ, ಊರಲ್ಲಿ ಚಪ್ಪಲಿ ಅಂಗಡಿ ಇಟ್ಟವರು, ಅವತ್ತು ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದರು. ಖಾಜಿ ಸಾಹೇಬರು ರಿಜಿಸ್ಟರು ಬಿಚ್ಚಿ ನನಗೆ ಕಣ್ಸನ್ನೆ ಮಾಡಿದರು. ನಾನು, ರಫೀ, ಮತ್ತೊಬ್ಬ ಸಾಕ್ಷಿ ಪಕ್ಕದ ಮನೆಯ ಪೀರಸಾಬ, ಮೂವರೂ ಒಳಗೆ ಹೋದೆವು.

ಕೋಣೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಗೆಳತಿಯರ ಕೈಯಲ್ಲಿ ಫೋನುಗಳು ಆಗಲೇ ಎದ್ದಿದ್ದವು. ಒಬ್ಬಳು ಸೆರಗಿನಡಿ ತಾಟು ಬಚ್ಚಿಟ್ಟುಕೊಂಡಿದ್ದಳು. ಬಿರಿಯಾನಿಯ ವಾಸನೆ ಬಚ್ಚಿಟ್ಟುಕೊಳ್ಳಲು ಆಗಿರಲಿಲ್ಲ. ನಾಹೀದಾ ಕೆಂಪು ಓಢಣಿಯ ಒಳಗೆ ತಲೆ ಬಗ್ಗಿಸಿ ಕೂತಿದ್ದಳು. ಹುಡುಗನ ಹೆಸರು, ಅವನ ತಂದೆಯ ಹೆಸರು, ಹುಡುಗ ಹುಡುಗಿಗೆ ಕೊಡುವ ಮೆಹರಿನ ಮೊತ್ತ ಎಲ್ಲ ಹೇಳಿ ನಾನು ಕೇಳಿದೆ, "ನಿನ್ನ ಒಪ್ಪಿಗಿ ಐತೇನ ಬೇಟಾ?"

"ನಾ ಒಲ್ಲೆ."

ಕೋಣೆ ಘೊಳ್ಳೆಂದಿತು. ರಫೀ ನನ್ನ ಬೆನ್ನಿಗೆ ತಿವಿದ. "ಓಡು." ನಾನು ಓಡಲಿಲ್ಲ. ಅಲ್ಲೇ ನಿಂತು, ಸಿಟ್ಟು ನುಂಗಿಕೊಂಡು ಮತ್ತೆ ಕೇಳಿದೆ.

"ನಾ ಒಲ್ಲೆ, ಮಾಮು."

ಇನ್ನೂ ದೊಡ್ಡ ನಗು. ತಾಟು ಬಂತು. ಗೆಳತಿ ಅದನ್ನು ಓಢಣಿಯ ಎದುರು ಹಿಡಿದಳು. ಮೆಹಂದಿಯ ಕೈ ಹೊರಗೆ ಬಂದು ತಾಟನ್ನು ಹಿಂದೆ ತಳ್ಳಿತು. ಗೆಳತಿ ಮತ್ತೆ ಮುಂದೆ ಹಿಡಿದಳು, ಕೈ ಮತ್ತೆ ತಳ್ಳಿತು. "ಭಾಳ ಬಿಗೀತೈತಿ ಇದು" ಎಂದು ಯಾರೋ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ದಿನಾ ಬಸ್ಸಲ್ಲಿ ಇದೇ, ಇಲ್ಲಿಯೂ ಇದೇ. ದೇವರ ಹೆಸರು ಹೇಳಿ ಕೇಳುವ ಮಾತಿಗೂ ಇವರಿಗೆ ಟಿವಿಯೇ ಬೇಕು.

"ಸಾಕ ಮಾಡ್ರಿ" ಎಂದೆ. "ನಾಹೀದಾ, ಹೊರಗ ಮಂದಿ ಬಿಸಲಾಗ ಕುಂತೈತಿ. ಹೂಂ ಅಂದ್ರ ಹೂಂ ಅನ್ನು, ಇಲ್ಲಂದ್ರ ಇಲ್ಲನ್ನು. ಆಟ ಬ್ಯಾಡ."

ಅವಳು ಓಢಣಿ ಎತ್ತಿದಳು. ಮದುಮಗಳು ಎತ್ತಬಾರದು, ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. ಅತ್ತು ಮುಗಿದ ಮುಖವಾಗಿತ್ತು.

"ನಕ್ಕೋ, ಮಾಮು."

ನಾವು ಮನೆಯಲ್ಲಿ ಕನ್ನಡ, ದಖನಿ ಎರಡನ್ನೂ ಕಲಸಿ ಆಡುತ್ತೇವೆ. ಬೇಡ ಎನ್ನಲು ಮಾತ್ರ ನಮ್ಮ ಬಾಯಿಗೆ ಬರುವುದು ನಕ್ಕೋ. ಸಣ್ಣವಳಿದ್ದಾಗ ಕಹಿ ಔಷಧಿಯ ಚಮಚೆ ಕಂಡರೆ ಇವಳು ಹೀಗೇ ಎನ್ನುತ್ತಿದ್ದಳು. ಟಿವಿಯ ಹುಡುಗಿ ನಕ್ಕೋ ಎನ್ನುವುದಿಲ್ಲ.

ಪಕ್ಕದಲ್ಲಿದ್ದ ಮೆಹರಾಜ ಮಗಳ ಓಢಣಿ ಕೆಳಗೆ ಎಳೆಯುತ್ತ ಬೈದಳು, "ನಕ್ಕೋ ಅಲ್ಲಬೇ, ನಾ ಒಲ್ಲೆ ಅನಬೇಕು. ಹೋದ ವಾರದಿಂದ ಕಲಸಾಕತ್ತೀನಿ, ಇದಕ್ಕ ಬಾಯಿಗೆ ಹತ್ತವಲ್ದು."

"ಹೋದ ವಾರದಿಂದ ಅಂದ್ರ?" ಎಂದೆ ನಾನು.

"ಹೋದ ವಾರದಿಂದ ನಕ್ಕೋ ನಕ್ಕೋ ಅಂತ ರೂಢಿ ಮಾಡಾಕತ್ತಾಳ. ನನ್ನ ಮುಂದೂ ಅಂದ್ಲು, ಅವರ ಅಬ್ಬಾನ ಮುಂದೂ ಅಂದ್ಲು."

ನಾನು ನಾಹೀದಾಳ ಎದುರು ನೆಲದ ಮೇಲೆ ಕೂತೆ. "ಏನಾತು?" ಎಂದು ಕೇಳಿದೆ.

ಅವಳು ಸಣ್ಣ ದನಿಯಲ್ಲಿ, ಡ್ಯೂಟಿ ಬದಲಾಗುವಾಗ ಪೇಷಂಟಿನ ವಿವರ ಒಪ್ಪಿಸುವ ಹಾಗೆ ಹೇಳಿದಳು. ಗಂಗಾವತಿಯ ದವಾಖಾನೆಗೆ ಅಲ್ತಾಫ ಹೋಗಿದ್ದಾನೆ. ನಾಹೀದಾ ಕೆಲಸಕ್ಕೆ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದಾನೆ. ಅಲ್ಲೇ ನರ್ಸಾಗಿರುವ ಗೆಳತಿ ಸುರೇಖಾ ಫೋನು ಮಾಡಿ ತಿಳಿಸಿದಳು. ಅಲ್ತಾಫನನ್ನು ಕೇಳಿದರೆ, ಮದುವೆಯಾದ ಮೇಲೆ ಯಾರು ಡ್ಯೂಟಿ ಗೀಟಿ ಮಾಡುತ್ತಾರೆ, ಸುಮ್ಮನಿರು ಎಂದ. ಅವತ್ತೇ ಅವಳು ಮನೆಯಲ್ಲಿ ಈ ಮದುವೆ ಬೇಡ ಎಂದಳು.

"ಏನ ಆ್ಯಕ್ಟಿಂಗ್ ಮಾಡತೈತಿ" ಎಂದು ರಫೀ ನಕ್ಕ. ಒಬ್ಬನೇ ನಕ್ಕ. ಆಮೇಲೆ ಅವನೂ ನಿಲ್ಲಿಸಿದ.

ನಾನು ಎದ್ದು ಹೊರಗೆ ಹೋದೆ. ನಡೆದೇ ಹೋದೆ. ಇಡೀ ಶಾಮಿಯಾನ ನನ್ನನ್ನೇ ಕಾಯುತ್ತಿತ್ತು. ಖಾಜಿ ಸಾಹೇಬರ ಎದುರು ನಿಂತು ಹೇಳಿದೆ, "ಹುಡುಗಿ ಒಲ್ಲೆ ಅಂದಾಳ."

ಆ ನಗುವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಗಂಗಾವತಿಯವರು ತೊಡೆ ಬಡಿದುಕೊಂಡರು. ಮೆಹಬೂಬಸಾಬರು ಕಣ್ಣೊರೆಸಿಕೊಂಡು ನಕ್ಕರು. ಸೆಹರಾದ ಹೂವಿನ ಎಳೆಗಳ ಹಿಂದೆ ಅಲ್ತಾಫನ ಭುಜ ಕುಣಿಯಿತು. "ತಾಟು ಒಯ್ಯೋ ಜಹೀರ" ಎಂದು ಹಿಂದಿನಿಂದ ಯಾರೋ ಕೂಗಿದರು. ಖಾಜಿ ಸಾಹೇಬರು ಗಡ್ಡದೊಳಗೆ ನಗುತ್ತ, "ಮತ್ತೊಮ್ಮೆ ಕೇಳಿ ಬರ್ರಿ" ಎಂದರು.

"ಸಾಹೇಬ್ರ, ಖರೇನ ಒಲ್ಲೆ ಅಂದಾಳ" ಎಂದೆ.

ಇನ್ನೂ ಜೋರು ನಗು. ಟಿವಿಯ ವಕೀಲನೂ ಎರಡನೇ ಸಲ ಹಾಗೇ ಹೇಳುತ್ತಾನೆ. ನಾನು ದನಿ ಏರಿಸಿದೆ. "ನಗಬ್ಯಾಡ್ರಿ, ಇದು ಚ್ಯಾಷ್ಟಿ ಅಲ್ಲ" ಎಂದು ಒದರಿದೆ. ಅದನ್ನು ನೋಡಿ ಮಾರೆಪ್ಪ ಪಕ್ಕದವನಿಗೆ, "ಇಷ್ಟ ದಿನ ನಮ್ಮ ಕಂಡಕ್ಟರಣ್ಣ ಈ ಕಲಾ ಎಲ್ಲಿ ಮುಚ್ಚಿಟ್ಟಿದ್ದ" ಎಂದ. ಚಪ್ಪಾಳೆ ಬಿತ್ತು. ನಾನು ಸಿಟ್ಟಾದಷ್ಟೂ ಚೆನ್ನಾಗಿ ನಟಿಸುತ್ತಿದ್ದೆ. ಜೀವನದಲ್ಲಿ ಇಷ್ಟು ಅಸಹಾಯಕನಾಗಿ ನಾನು ಎಲ್ಲೂ ನಿಂತಿಲ್ಲ. ಹುಡುಗಿ ಬೇಡ ಎಂದಿದ್ದಾಳೆ, ಅದನ್ನು ಹೇಳಲು ಇರುವುದು ಒಂದೇ ಮಾತು, ಆ ಮಾತನ್ನು ಈ ಮಂದಿ ನಕ್ಕು ನಕ್ಕು ಸವೆಸಿ ಹಾಕಿದ್ದಾರೆ.

ತಿರುಗಿ ಒಳಗೆ ಹೋದೆ. "ಹೋದ, ಹೋದ, ತಾಟಿಗೆ ಹೋದ" ಎಂದರು. ಹೌದು, ತಾಟಿಗೇ ಹೋದೆ. ಗೆಳತಿಯ ಕೈಯಿಂದ ಅದನ್ನು ಕಸಿದುಕೊಂಡೆ. ಒಂದು ಅಗುಳೂ ಕದಲಿರಲಿಲ್ಲ. ಮೇಲಿಟ್ಟ ಮೊಟ್ಟೆ ಇಟ್ಟ ಹಾಗೇ ಇತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದು, ಖಾಜಿ ಸಾಹೇಬರ ರಿಜಿಸ್ಟರಿನ ಪಕ್ಕದಲ್ಲಿ ಇಟ್ಟೆ. ಇಟ್ಟು ಸುಮ್ಮನೆ ಕೂತೆ.

ಮುಂದೆ ಕೂತವರು ಮೊದಲು ನಿಲ್ಲಿಸಿದರು. ತಾಟು ಖಾಲಿಯಾಗಿ ಬರಬೇಕು. ಎಲ್ಲಾ ಮದುವೆಯಲ್ಲೂ ಖಾಲಿಯಾಗಿಯೇ ಬಂದಿದೆ. ಹಿಂದಿನವರು ಕತ್ತು ಚಾಚಿ ನೋಡಿದರು, ಅವರ ನಗುವೂ ಅಡಗಿತು. ಮೆಹಬೂಬಸಾಬರು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಕ್ಕರು. ಆಮೇಲೆ ತಾವೊಬ್ಬರೇ ನಗುತ್ತಿರುವುದು ಅವರಿಗೆ ಕೇಳಿಸಿತು.

ಖಾಜಿ ಸಾಹೇಬರು ತಾಟು ನೋಡಿದರು, ನನ್ನನ್ನು ನೋಡಿದರು. "ಜಹೀರ, ಖರೇನ?"

"ಖರೇರಿ."

"ಸಾಕ್ಷಿ ಇದ್ದಾವ್ರು ಏನಂತೀರಿ?"

ಇಬ್ಬರೂ ನನ್ನ ಹಿಂದೆಯೇ ಹೊರಗೆ ಬಂದಿದ್ದರು. ಪೀರಸಾಬ ಹೌದೆಂದು ತಲೆಯಾಡಿಸಿ ರಫೀಯ ಕಡೆ ನೋಡಿದ. ನನ್ನ ಅಣ್ಣ ಟೋಪಿಯನ್ನು ಸರಿಯಾಗಿ ಇಟ್ಟುಕೊಂಡ. "ನಾನೂ ಕೇಳೀನ್ರಿ. ಒಲ್ಲೆ ಅಂದಾಳ" ಎಂದ. ಅವನು ಅದೇ ಮಾತನ್ನು ಎಷ್ಟೋ ಮದುವೆಗಳಲ್ಲಿ ಹೇಳಿದ್ದಾನೆ. ಯಾರೂ ನಗದೇ ಇದ್ದದ್ದು ಇದೇ ಮೊದಲು.

ಖಾಜಿ ಸಾಹೇಬರು ರಿಜಿಸ್ಟರು ಮುಚ್ಚಿದರು. ಅಲ್ತಾಫ ಸೆಹರಾ ಸರಿಸಿದ. ಯಾರೂ ಕೇಳುವ ಮುಂಚೆಯೇ ಹೇಳಿದ, "ದವಾಖಾನಿಗೆ ಒಂದ ಮಾತ ಹೇಳಿ ಬಂದಿದ್ದು ಖರೇ. ಆಕಿ ಹೆಂಗೂ ಹೂಂ ಅಂತಾಳಲ್ಲ ಅಂತ..." ಅವನ ತಂದೆ ಅವನ ಕೈ ಹಿಡಿದು ಕೂರಿಸಿದರು. ಕೆಟ್ಟ ಹುಡುಗ ಎಂದು ನಾನು ಹೇಳುವುದಿಲ್ಲ. ಅವಳ ಹೂಂ ಅನ್ನು ಅವನೂ ಕೇಳದೆಯೇ ಲೆಕ್ಕಕ್ಕೆ ಹಿಡಿದಿದ್ದ, ಅಷ್ಟೇ. ನಮ್ಮಲ್ಲಿ ಹಿಡಿಯದವರು ಯಾರಿದ್ದರು?

ಮೆಹಬೂಬಸಾಬರು ಒಳಗೆ ಹೋಗಿ ಮಗಳನ್ನು ಕೇಳಿದರು. ಈ ಸಲ ಫೋನುಗಳು ಕೆಳಗಿದ್ದವು. "ನಕ್ಕೋ, ಅಬ್ಬಾ" ಎಂದದ್ದು ಹೊರಗೆ ಶಾಮಿಯಾನದ ತನಕ ಕೇಳಿಸಿತು. ಅವರು ಹೊಸ್ತಿಲ ಮೇಲೆ ಕುಸಿದು ಕೂತು, "ನಾ ನಕ್ಕೆನಲ್ಲೋ ಜಹೀರ, ನನ್ನ ಮುಂದ ಅಂದಾಗ ನಾ ನಕ್ಕೆ" ಎಂದು ಅತ್ತರು. ಮೆಹರಾಜ ನನ್ನನ್ನು ಬೈದಳು. ಒಂದು ಮಾತನ್ನು ಮೆತ್ತಗೆ ಹೇಳಲು ಬರದವನು, ಮದುವೆ ಮುರಿದವನು, ಹುಟ್ಟಿದಾಗಿನಿಂದ ಹೀಗೇ ಎಂದಳು. ಬೈಯಲಿ. ಯಾರನ್ನಾದರೂ ಬೈಯಲೇಬೇಕಿತ್ತು.

ಗಂಗಾವತಿಯ ಬಸ್ಸುಗಳು ಉಣ್ಣದೆ ಹೋದವು. ಊರ ಮಂದಿ ಉಂಡೇ ಹೋದರು. ಮದುವೆ ನಿಂತಿತೆಂದು ಬಿರಿಯಾನಿ ಕೆಡಿಸಲು ಆಗುತ್ತದೆಯೇ ಎಂಬುದು ಅವರ ವಾದ. ಪಂಗತಿಯಲ್ಲಿ ಜಾಗ ಸಿಗದೆ ನಿಂತಿದ್ದ ಒಬ್ಬ ಮಹಾನುಭಾವ, "ನಿಂತಾವ್ರಿಗೆ ಅರ್ಧ ಪ್ಲೇಟ್ ಆದ್ರೂ ಕೊಡ್ರಿ" ಎಂದ. ಮಾರೆಪ್ಪ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಳ್ಳದೆ ಇದ್ದಿದ್ದರೆ ಅವತ್ತು ನಾನು ಅವನನ್ನು ಬಡಿಯುತ್ತಿದ್ದೆ.

ಮನೆ ಖಾಲಿಯಾದ ಮೇಲೆ ನಾಹೀದಾಳ ಕೋಣೆಗೆ ಹೋದೆ. ಓಢಣಿ ಮಡಿಚಿ ಪಕ್ಕಕ್ಕೆ ಇಟ್ಟಿದ್ದಳು. ಕಿವಿಯ ಓಲೆ ಬಿಚ್ಚುತ್ತಿದ್ದಳು.

"ಮಾಮು, ಆ ತಾಟು ಎಲ್ಲಿ ಐತಿ? ಮುಂಜಾನಿಂದ ಏನೂ ತಿಂದಿಲ್ಲ."

ತಂದು ಕೊಟ್ಟೆ. ಅನ್ನ ಆರಿ ತಣ್ಣಗಾಗಿತ್ತು. ಅವಳು ತಲೆ ಬಗ್ಗಿಸಿ ತಿಂದಳು. ನಾನು ಎದುರು ಕೂತು ನೋಡಿದೆ. ಬೆಳಗಿನಿಂದ ತಡೆದುಕೊಂಡಿದ್ದ ಸಿಟ್ಟು ಅವಳ ಮೇಲೂ ಸ್ವಲ್ಪ ಬಂತು.

"ನನಗ ಫೋನ್ ಮಾಡಿದಾಗನ ಹೇಳಬಾರದೇನ? ಇಷ್ಟ ಮಂದಿ ಮುಂದ ಯಾಕ ಆಗಬೇಕಿತ್ತು ಇದು?"

"ಆವಾಗ ಹೇಳಿದ್ರ ನೀವು ಅಬ್ಬಾನ ಕೇಳತಿದ್ರಿ. ಅಬ್ಬಾ ನಗತಿದ್ರು. ನಿಮಗೂ ಚ್ಯಾಷ್ಟಿ ಅನಸ್ತಿತ್ತು." ಅವಳು ತುತ್ತು ನುಂಗಿ ನೀರು ಕುಡಿದಳು. "ಅಮ್ಮಿಗೆ ಹೇಳ್ದೆ, ನಕ್ಕರು. ಅಬ್ಬಾಗ ಹೇಳ್ದೆ, ನಕ್ಕರು. ನಾನಿಗೆ ಹೇಳ್ದೆ, ತಾಟು ತರಲೇನ ಅಂದ್ರು. ಬಡೇ ಮಾಮುಗ ಅಳಕೋತ ಹೇಳೀನಿ. ಇಷ್ಟ ಛಲೋ ಯಾರೂ ಮಾಡಿಲ್ಲ ಅಂತ ಬೆನ್ನು ತಟ್ಟಿದ್ರು. ದಿನಾ ನಿಮ್ಮ ಬಸ್ಸಿನ್ಯಾಗ ಬರತಿದ್ದೆ. ಎಲ್ಲಾರೂ ನಗತಿದ್ರು, ನೀವೊಬ್ಬರ ಚಿಲ್ಲರ ಕೊಟ್ಟು ಮುಂದ ಹೋಗತಿದ್ರಿ. ಎಲ್ಲಾರ ಮುಂದ ಅಂದಾಗ ಅದನ್ನ ಖರೇ ಅಂತ ತಗೊಳ್ಳಾವ್ರು ನೀವೊಬ್ಬರ ಉಳದಿದ್ರಿ ಮಾಮು."

ಇನ್ನಷ್ಟು ಬೇಕೇನು ಎಂದು ಕೈ ಸನ್ನೆಯಲ್ಲಿ ಕೇಳಿದೆ.

"ನಕ್ಕೋ" ಎಂದಳು. ನಾನು ತಾಟು ಎತ್ತಿಕೊಂಡು ಹೊರಗೆ ಬಂದೆ.